ಹಾಗಲಕಾಯಿ ಬಿಟ್ಟವರು

ಹಾಗಲಕಾಯಿ ಎಂಬ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಹಿ ಎಂದಲ್ಲ, ಮನೆಯಲ್ಲಿ ಗೊಜ್ಜು ಮಾಡಿದರೆ ಎರಡು ಸಲ ಹಾಕಿಸಿಕೊಂಡು ತಿನ್ನುವವನು ನಾನು. ಉರಿಯುವುದು ನನ್ನ ಕಸುಬಿನ ದೆಸೆಯಿಂದ. ಕಾಶಿಗೆ ಬಂದವರು ಹಿರಿಯರ ಕರ್ಮ ಮುಗಿಸಿದ ಮೇಲೆ ಬೊಗಸೆಯಲ್ಲಿ ಗಂಗೆಯ ನೀರು ಹಿಡಿದು, ತಮಗೆ ಇಷ್ಟವಾದ ಒಂದು ಪದಾರ್ಥವನ್ನು ಬಿಟ್ಟೆ ಎಂದು ಹೇಳಿ ನೀರು ಬಿಡಬೇಕು, ಆಮೇಲೆ ಸಾಯುವ ತನಕ ಅದನ್ನು ಮುಟ್ಟಬಾರದು ಎಂಬುದು ನಮ್ಮ ಕಡೆಯವರ ಪದ್ಧತಿ. ಕೇದಾರಘಾಟಿನ ಮೆಟ್ಟಿಲ ಮೇಲೆ ನಲವತ್ತು ವರ್ಷ ಕರ್ನಾಟಕದ ಯಾತ್ರಿಕರಿಗೆ ಪೌರೋಹಿತ್ಯ ಮಾಡಿದವನ ಮಾತು ಕೇಳಿ: ಇಷ್ಟವಾದದ್ದನ್ನು ಬಿಡಿ ಎಂದರೆ ಹತ್ತು ಜನರಲ್ಲಿ ಎಂಟು ಜನ ಹಾಗಲಕಾಯಿ ಬಿಡುತ್ತಾರೆ.

ಈಗ ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯಲು ಆಗುವುದಿಲ್ಲ. ತಮ್ಮನ ಮಗ ಶ್ರೀನಿಧಿಗೆ ಜಾಗ ಬಿಟ್ಟುಕೊಟ್ಟು ಬಂಗಾಲಿ ಟೋಲಾದ ಮನೆಯ ಜಗಲಿಯಲ್ಲಿ ಕುಳಿತಿದ್ದೇನೆ. ಅವನೇ ಕೇಳಿದ್ದು, ‘ದೊಡ್ಡಪ್ಪ, ಗೊತ್ತಿರೋದನ್ನೆಲ್ಲ ಬರೆದಿಡಿ’ ಅಂತ. ಮಂತ್ರ ಬರೆದಿಡುವ ಅಗತ್ಯವಿಲ್ಲ, ಅವೆಲ್ಲ ಪುಸ್ತಕದಲ್ಲಿವೆ. ಪುಸ್ತಕದಲ್ಲಿ ಇಲ್ಲದಿರುವುದು ಜನ. ಆದ್ದರಿಂದ ಈ ಕಸುಬಿಗೆ ಬರುವ ಹುಡುಗರಿಗೆ ಜನರ ವಿಷಯವನ್ನೇ ಬರೆಯುತ್ತೇನೆ.

ನನ್ನನ್ನು ತಿದ್ದಿದವರು ನಮ್ಮ ದೊಡ್ಡಪ್ಪ. ಅವರ ಕೈಕೆಳಗೆ ಕೆಲಸ ಮಾಡುವುದೆಂದರೆ ಕಾದ ಹೆಂಚಿನ ಮೇಲೆ ನಿಂತ ಹಾಗೆ. ನನ್ನ ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಹಾಸನದ ಕಡೆಯ ಎರಡು ಸಂಸಾರ ಒಟ್ಟಿಗೆ ಬಂದಿತ್ತು. ಚೀಟಿಯಲ್ಲಿ ಬರೆದುಕೊಂಡ ಹೆಸರುಗಳು ಅದಲು ಬದಲಾಗಿ, ಒಬ್ಬರ ಹೆಸರು ಹೇಳಿ ಪಿಂಡ ಇಡಿಸಿಬಿಟ್ಟೆ. ಹಿಂದಿನಿಂದ ಯಾರೋ ಕೆಮ್ಮಿದರು. ‘ಸ್ವಾಮಿ, ಅದು ನನ್ನ ಹೆಸರು. ನಾನಿನ್ನೂ ಇದ್ದೀನಿ’ ಎಂದರು. ಎಪ್ಪತ್ತರ ಮುದುಕರು, ಪಂಚೆ ಕಚ್ಚೆ ಹಾಕಿ ಗಟ್ಟಿಯಾಗಿ ನಿಂತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆವತ್ತು ದೊಡ್ಡಪ್ಪ ಬೈಯಲಿಲ್ಲ, ಅದೇ ಆಶ್ಚರ್ಯ. ‘ಎಲ್ಲರಿಗೂ ಹೇಳೋ ಮಂತ್ರ ಒಂದೇ ಕಣಯ್ಯ. ಬೇರೆ ಬೇರೆ ಇರೋದು ಹೆಸರು ಮಾತ್ರ. ಅದನ್ನೂ ಸರಿಯಾಗಿ ಕೇಳ್ಕೊಳಕ್ಕಾಗ್ದಿದ್ರೆ ನೀನು ಯಾಕೆ ಬೇಕು?’ ಎಂದರು. ಅಂದಿನಿಂದ ಯಾರು ಬಾಯಿ ತೆರೆದರೂ ನನ್ನ ಮೊದಲ ಪ್ರಶ್ನೆ ಹೆಸರು, ಎರಡನೆಯದು ಊರು. ನಿದ್ದೆಯಲ್ಲಿ ಎಬ್ಬಿಸಿದರೂ ಅದೇ ಕೇಳುತ್ತೇನೆ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ.

ಯಾತ್ರಿಕರ ಹೆಸರು, ಗೋತ್ರ, ಊರು ಬರೆದಿಡುವ ದಪ್ಪ ಪುಸ್ತಕ ನಮ್ಮಲ್ಲಿದೆ. ವಹಿ ಎನ್ನುತ್ತೇವೆ. ಅದರ ಕೊನೆಯಲ್ಲಿ ‘ಬಿಟ್ಟದ್ದು’ ಎಂಬ ಸಾಲನ್ನು ಸೇರಿಸಿದವರು ದೊಡ್ಡಪ್ಪ. ಏಕೆಂದರೆ ಜನ ಊರಿಗೆ ಹೋದ ಮೇಲೆ ಮರೆಯುತ್ತಾರೆ. ಶಿವಮೊಗ್ಗದ ಒಬ್ಬ ಗೃಹಿಣಿ ಕಾಗದ ಬರೆದಿದ್ದರು: ‘ನಮ್ಮೆಜಮಾನರು ಸೋರೆಕಾಯಿ ಬಿಟ್ಟು ಬಂದೆ ಅಂತ ಹಟ ಹಿಡಿದಿದ್ದಾರೆ, ಬಿಟ್ಟದ್ದು ಬದನೆಕಾಯಿ ಅಂತ ನನಗೆ ಅನುಮಾನ, ನೋಡಿ ತಿಳಿಸಿ.’ ನೋಡಿದೆ. ಎರಡೂ ಅಲ್ಲ. ಹಾಗಲಕಾಯಿ!

ದೊಡ್ಡಪ್ಪ ಬೈಗುಳದಲ್ಲಿ ಎಷ್ಟು ಖಾರವೋ ದಾರಿ ಹುಡುಕುವುದರಲ್ಲಿ ಅಷ್ಟೇ ಚತುರರು. ತುಮಕೂರಿನ ಮೇಷ್ಟರೊಬ್ಬರು ಆವೇಶದಲ್ಲಿ ಕಾಫಿ ಬಿಟ್ಟರು. ಮೂರನೆಯ ದಿನ ತಲೆಗೆ ಟವೆಲ್ ಬಿಗಿದುಕೊಂಡು ನಮ್ಮ ಬಾಗಿಲಿಗೆ ಬಂದು ಗೋಳಾಡಿದರು. ದೊಡ್ಡಪ್ಪ ಒಳಗಿನಿಂದ ಒಂದು ಲೋಟ ಬಿಸಿ ಕಾಫಿ ತರಿಸಿದರು. ‘ನೀವು ಬಿಟ್ಟದ್ದು ನಿಮ್ಮ ಮನೆ ಕಾಫಿ. ಇದು ನಮ್ಮನೇದು. ಕುಡೀರಿ’ ಎಂದರು. ಮೇಷ್ಟರು ಕಣ್ಣೀರು ಹಾಕಿಕೊಂಡು ಕುಡಿದರು. ನನಗೆ ಇಂಥ ಬುದ್ಧಿ ಬರಲಿಲ್ಲ. ನನಗೆ ಬಂದದ್ದು ಬರೀ ಸಿಟ್ಟು.

ಮೊದಲು ಯಾತ್ರಿಕರು ನಮ್ಮ ಮನೆಯಲ್ಲೇ ಒಂಬತ್ತು ದಿನ ಇಳಿದುಕೊಳ್ಳುತ್ತಿದ್ದರು. ಬರಬರುತ್ತ ಟೂರಿನ ಬಸ್ಸುಗಳು ಬಂದವು. ಬೆಳಿಗ್ಗೆ ಆರಕ್ಕೆ ಇಳಿಸಿ, ಒಂಬತ್ತಕ್ಕೆ ಹತ್ತಿಸಿಕೊಂಡು ಹೋಗುವುದು. ‘ಶಾಸ್ತ್ರಿಗಳೇ, ಸ್ವಲ್ಪ ಫಾಸ್ಟಾಗಿ’ ಎನ್ನುವ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು. ಮೊಬೈಲ್ ಬಂದ ಮೇಲಂತೂ ಮುಗಿಯಿತು. ಒಬ್ಬ ಮಹಾನುಭಾವ ಎಡಗೈಯಲ್ಲಿ ಫೋನ್ ಹಿಡಿದು, ಊರಿನಲ್ಲಿದ್ದ ಅಣ್ಣನಿಗೆ ಮಂತ್ರ ಕೇಳಿಸುತ್ತ, ಬಲಗೈಯಲ್ಲಿ ಎಳ್ಳು ನೀರು ಬಿಟ್ಟ. ನಡುವೆ ಸಿಗ್ನಲ್ ಹೋಯಿತು. ‘ಇನ್ನೊಂದ್ಸಲ ಹೇಳ್ತೀರಾ?’ ಎಂದ. ಹೇಳಿದೆ, ಇನ್ನೇನು ಮಾಡಲಿ!

ಆ ಕಾಲದಲ್ಲೇ ಪ್ರಮೋದ ಬಂದದ್ದು.

ಮೈಸೂರಿನ ಸರೋಜಮ್ಮ ಎಂಬವರು, ಗಂಡ ತೀರಿಕೊಂಡು ಕೆಲವು ತಿಂಗಳಾಗಿತ್ತು, ಒಬ್ಬನೇ ಮಗ ಪ್ರಮೋದನನ್ನು ಕರೆದುಕೊಂಡು ಬಂದಿದ್ದರು. ನಮ್ಮ ಬೀದಿಯಲ್ಲೇ ಒಂದು ಲಾಡ್ಜಿನಲ್ಲಿ ಇಳಿದಿದ್ದರು. ಮಗನಿಗೆ ಬೆನ್ನಿನ ಅರ್ಧದವರೆಗೆ ಕೂದಲು. ಜೊತೆಗೆ ಕಪ್ಪು ಚೀಲದಲ್ಲಿ ಗಿಟಾರು. ‘ಶ್ರಾದ್ಧಕ್ಕೆ ಬರೋವಾಗ ಇದ್ಯಾಕೋ ಅಂದೆ ಶಾಸ್ತ್ರಿಗಳೇ, ಕೇಳ್ತಾನಾ?’ ಎಂದು ಸರೋಜಮ್ಮ ಹೇಳಿದರೂ ಆ ದೂರಿನಲ್ಲಿ ಹೆಮ್ಮೆಯೇ ಹೆಚ್ಚಿತ್ತು. ನನ್ನ ಮಗಳು ಸುಮಾ, ಆಗ ಕಾಲೇಜಿನಲ್ಲಿದ್ದಳು, ಬಾಗಿಲ ಸಂದಿಯಿಂದ ನೋಡಿದವಳೇ ನನ್ನನ್ನು ಒಳಗೆ ಎಳೆದುಕೊಂಡು ಹೋದಳು. ‘ಅಪ್ಪಾ, ಯೇ ವಹೀ ಹೈ! ಅವನೇ ಇವನು, ಟೀವೀಲಿ ಬರ್ತಾನಲ್ಲ! ಇಂಡಿಯಾದಲ್ಲೇ ದೊಡ್ಡ ರಾಕ್ ಬ್ಯಾಂಡ್ ಇವರ್ದು!’ ಎಂದಳು. ನಮ್ಮ ಬನಾರಸಿನಲ್ಲಿ ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯಲ್ಲಿ ಕೆಂಪು ಕೋಟು ಹಾಕಿಕೊಂಡು ಊದುವವರು. ಆಗಲಿ, ಒಳ್ಳೆಯ ಕೆಲಸವೇ ಎಂದುಕೊಂಡೆ.

ಕ್ಷೌರ ಮಾಡಿಸಬೇಕು ಎಂದಾಗ ತಾಯಿ ತಡೆದರು. ‘ಮುಂದಿನ ತಿಂಗಳು ದೊಡ್ಡ ಪ್ರೋಗ್ರಾಂ ಇದೆ, ಒಂದೆರಡು ಕೂದಲು ಕತ್ತರಿಸಿದ್ರೆ ಸಾಲ್ದಾ?’ ಎಂದರು. ಪ್ರಮೋದ ಹೋಗಿ ಹಜಾಮನ ಮುಂದೆ ಕುಳಿತ. ಹತ್ತು ನಿಮಿಷದಲ್ಲಿ ತಲೆ ಬೋಳಾಯಿತು. ಬೋಳು ತಲೆಯನ್ನು ಸವರಿಕೊಂಡು ನಕ್ಕ. ನನಗೆ ಆಗಲೇ ಏನೋ ಹೊಳೆಯಬೇಕಿತ್ತು.

ಹೊಳೆಯಲಿಲ್ಲ, ಏಕೆಂದರೆ ಅಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು. ಅವರ ಪಕ್ಕದಲ್ಲೇ ಕರ್ಮ ಮುಗಿಸಿದ ಒಬ್ಬ ದೊಡ್ಡ ಹೊಟ್ಟೆಯ ಯಜಮಾನ, ಬಿಡುವುದೇನು ಎಂದು ಕೇಳಿದಾಗ ಹಲ್ಲು ಕಿರಿದು ‘ಹಾಗಲಕಾಯಿ’ ಎಂದ. ‘ತಿಂತೀರಾ?’ ಎಂದೆ. ‘ಅಯ್ಯೋ, ಚಿಕ್ಕಂದಿನಿಂದ ಮುಟ್ಟಿಲ್ಲ!’ ಎಂದ. ನಾನು ಇಡೀ ಘಾಟಿಗೆ ಕೇಳಿಸುವ ಹಾಗೆ ಕೂಗಾಡಿದೆ. ‘ಯಾರಿಗ್ರೀ ಟೋಪಿ ಹಾಕ್ತೀರಿ? ಗಂಗಮ್ಮನಿಗಾ? ಇಷ್ಟ ಇಲ್ದಿದ್ದನ್ನ ಬಿಡೋಕೆ ಇಷ್ಟು ದೂರ ಬರಬೇಕಾ? ಮನೇಲೇ ತಟ್ಟೆ ಪಕ್ಕಕ್ಕೆ ತಳ್ಳಿದ್ರೆ ಸಾಕಿತ್ತು! ಬಿಡೋದಾದ್ರೆ ಕರುಳು ಚುರುಕ್ ಅನ್ನೋಂಥದ್ದು ಬಿಡಿ!’

ಪ್ರಮೋದ ಎಲ್ಲವನ್ನೂ ಕೇಳುತ್ತಿದ್ದ. ಅವನ ಸರದಿ ಬಂದಾಗ ಬೊಗಸೆಯಲ್ಲಿ ನೀರು ಹಾಕಿದೆ. ‘ನಾನು ಬ್ಯಾಂಡ್ ಬಿಟ್ಟೆ’ ಎಂದು ನೀರು ಬಿಟ್ಟುಬಿಟ್ಟ. ‘ಏನಂದ್ಯೋ?’ ಎಂದು ಸರೋಜಮ್ಮ ಎದ್ದು ನಿಂತರು. ನಾನೋ, ದಡ್ಡ, ‘ಭೇಷ್! ಇದಪ್ಪಾ ಬಿಡೋ ರೀತಿ’ ಎಂದು ಬೆನ್ನು ತಟ್ಟಿದೆ. ಮನೆಗೆ ಬಂದು ವಹಿಯಲ್ಲಿ ‘ಬಿಟ್ಟದ್ದು: ಬ್ಯಾಂಡ್’ ಎಂದು ದುಂಡಗೆ ಬರೆದೆ.

ಮರುದಿನ ಬೆಳಿಗ್ಗೆ ಹಾಲಿನವನಿಗಿಂತ ಮುಂಚೆ ಸರೋಜಮ್ಮ ಬಾಗಿಲಲ್ಲಿ. ‘ಅವರಪ್ಪ ಒಂದು ಪ್ರೋಗ್ರಾಮೂ ತಪ್ಪಿಸ್ತಿರಲಿಲ್ಲ. ಕಿವಿಗೆ ಹತ್ತಿ ಇಟ್ಕೊಂಡಾದ್ರೂ ಹೋಗಿ ಮುಂದಿನ ಸಾಲಲ್ಲಿ ಕೂತ್ಕೋತಿದ್ರು. ಅವರ ಹೆಸರಲ್ಲೇ ಇದನ್ನ ಬಿಡ್ಸಿದ್ರಲ್ಲ! ನೀವೇ ಬಿಡ್ಸಿದ್ದು, ನೀವೇ ಏನಾದ್ರೂ ಮಾಡಿ’ ಎಂದು ಅತ್ತರು. ಹಿಂದೆಯೇ ಫೋನು. ಬ್ಯಾಂಡಿನ ವ್ಯವಹಾರ ನೋಡುವವನಂತೆ. ‘ಪಂಡಿತ್‌ಜೀ, ಏನೋ ಸಂಕಲ್ಪ ಮಾಡ್ಸಿದ್ದೀರಂತೆ, ಕ್ಯಾನ್ಸಲ್ ಮಾಡಿ’ ಎಂದ. ಇವನಿಗೆ ಅದು ರೈಲಿನ ಟಿಕೆಟ್ ನೋಡಿ! ಆ ದಿನ ಹದಿನಾರು ಸಲ ಫೋನ್ ಬಂತು. ಸುಮಾ ನನ್ನೊಡನೆ ಮಾತು ಬಿಟ್ಟಳು. ಹಿಂದೂಸ್ತಾನದ ಹುಡುಗರೆಲ್ಲ ನನ್ನನ್ನು ಶಪಿಸುತ್ತಾರೆ ಎಂದು ಅವಳ ಅಮ್ಮನ ಕೈಲಿ ಹೇಳಿಸಿದಳು. ಪ್ರಮೋದನನ್ನು ಕೇಳಿದರೆ ತಲೆ ತಗ್ಗಿಸಿ ‘ಅಪ್ಪನ ಹೆಸರಲ್ಲಿ ಬಿಟ್ಟಿದ್ದೀನಿ, ಹೇಗೆ ವಾಪಸ್ ತಗೊಳ್ಳಲಿ?’ ಎನ್ನುತ್ತಿದ್ದ. ಆ ಮಾತಿಗೆ ಯಾರೂ ಎದುರಾಡುವ ಹಾಗಿರಲಿಲ್ಲ.

ಮೂರನೆಯ ದಿನ ರೋಹಿತ ಎಂಬ ಹುಡುಗ ವಿಮಾನದಲ್ಲಿ ಬಂದಿಳಿದ. ಬ್ಯಾಂಡಿನಲ್ಲಿ ಹಾಡುವವನು ಅವನೇ. ಅವನೂ ಬಾಯಿಗೆ ಬಂದಂತೆ ಬೈಯುತ್ತಾನೆ ಎಂದು ನಾನು ಸೊಂಟ ಕಟ್ಟಿ ಕುಳಿತಿದ್ದೆ. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು ಚಾಪೆಯ ಮೇಲೆ ಕುಳಿತ. ‘ಶಾಸ್ತ್ರಿಗಳೇ, ನಿಮ್ಮ ಮೇಲೆ ಸಿಟ್ಟಿಲ್ಲ. ಎಂಟನೇ ಕ್ಲಾಸಿಂದ ನಾವಿಬ್ರೂ ಒಟ್ಟಿಗೆ. ಅವರಪ್ಪ ನನಗೂ ಅಪ್ಪನ ಥರಾನೇ. ಅವರಿಗೋಸ್ಕರ ಬಿಟ್ಟಿದ್ರೆ ನಾನು ಬೇಡ ಅನ್ನಲ್ಲ. ಒಂದೇ ಕೇಳೋದು. ಇದಕ್ಕೇನಾದ್ರೂ ಅವಧಿ ಇರುತ್ತಾ? ಒಂದು ವರ್ಷ, ಎರಡು ವರ್ಷ? ಎಷ್ಟಾದ್ರೂ ಕಾಯ್ತೀನಿ. ಅವನ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ’ ಎಂದ.

ಬಿಡುಗಡೆಗೆ ದಾರಿಯಿದೆ ಎಂದರೆ ಪ್ರಮೋದನನ್ನು ನಾನೇ ಎಳೆದು ತಂದು ಒಪ್ಪಿಸಿದ ಹಾಗೆ. ಇಲ್ಲ ಎಂದರೆ ಈ ಹುಡುಗನಿಗೆ ನಾನೇ ಬಾಗಿಲು ಹಾಕಿದ ಹಾಗೆ. ಸಂಜೆಗೆ ಹೇಳುತ್ತೇನೆ ಎಂದು ಕಳಿಸಿ, ಪ್ರಮೋದನನ್ನು ಹುಡುಕಿಕೊಂಡು ಹೊರಟೆ.

ಸಿಕ್ಕಿದ್ದು ಅಸ್ಸಿ ಘಾಟಿನಲ್ಲಿ. ಚಹಾದ ಅಂಗಡಿಯ ಪಕ್ಕದ ಮೆಟ್ಟಿಲ ಮೇಲೆ ಕುಳಿತು ಬೋಳು ತಲೆಯ ಮಹಾರಾಯ ಗಿಟಾರು ನುಡಿಸುತ್ತಿದ್ದ! ಸುತ್ತ ನಾಲ್ಕು ಜನ ದೋಣಿಯವರು. ಒಬ್ಬ ಏನೋ ಭೋಜಪುರಿ ಹಾಡು ಗುನುಗುತ್ತಿದ್ದ, ಇವನು ಅದನ್ನು ತಂತಿಯ ಮೇಲೆ ಹುಡುಕುತ್ತಿದ್ದ. ತಪ್ಪುತ್ತಿದ್ದ, ನಗುತ್ತಿದ್ದ, ಮತ್ತೆ ಹುಡುಕುತ್ತಿದ್ದ. ಮೂರು ದಿನದಲ್ಲಿ ಅವನ ಮುಖದಲ್ಲಿ ಅಷ್ಟು ಕಳೆ ನಾನು ಕಂಡಿರಲಿಲ್ಲ.

‘ಏನಯ್ಯಾ ಇದು? ಬಿಟ್ಟೆ ಅಂದ್ಯಲ್ಲ?’ ಎಂದೆ.

‘ಬಿಟ್ಟದ್ದು ಬ್ಯಾಂಡ್, ಶಾಸ್ತ್ರಿಗಳೇ. ಗಿಟಾರ್ ಅಲ್ಲ.’

‘ಬ್ಯಾಂಡ್ ನಿನಗೆ ಇಷ್ಟ ತಾನೇ?’

ಅವನು ದೋಣಿಯವರ ಕಡೆ ನೋಡಿದ. ಅವರು ಎದ್ದು ಹೋದರು. ‘ಇಲ್ಲ. ಎರಡು ವರ್ಷದಿಂದ ಅದರ ಮುಖ ಕಂಡ್ರೆ ಆಗ್ತಿಲ್ಲ’ ಎಂದ.

‘ಅಂದ್ರೆ ನೀನು ಬಿಟ್ಟದ್ದೂ ಹಾಗಲಕಾಯಿನೇ!’ ಎಂದು ಕಿರುಚಿದೆ. ಚಹಾದವನು ಕೆಟಲು ಕೆಳಗಿಟ್ಟು ನೋಡಿದ.

ಪ್ರಮೋದ ಅಲ್ಲಗಳೆಯಲಿಲ್ಲ. ನಿಧಾನವಾಗಿ ಹೇಳಿದ. ಅವರದ್ದೊಂದು ಹಾಡು ಮನೆಮಾತಾಗಿತ್ತಂತೆ. ಅದರ ಮಧ್ಯೆ ಗಿಟಾರಿನದ್ದೇ ಒಂದು ತುಣುಕು, ಅರ್ಧ ನಿಮಿಷದ್ದು. ಆರು ವರ್ಷದಿಂದ ಊರೂರಿನಲ್ಲಿ ಅದೇ ಅರ್ಧ ನಿಮಿಷ. ಒಂದು ಸ್ವರ ಬದಲಿಸಿದರೂ ಜನ ಕೂಗುತ್ತಾರೆ, ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ ಬೇಕು ಎನ್ನುತ್ತಾರೆ. ಅದು ಶುರುವಾಗುವ ಮೊದಲು ರೋಹಿತ ಅವನ ಹೆಗಲ ಮೇಲೆ ಕೈಯಿಟ್ಟು ಅದೇ ತಮಾಷೆ ಹೇಳುತ್ತಾನೆ. ಇವನು ಅದೇ ನಗು ನಗಬೇಕು.

‘ಅಷ್ಟಕ್ಕೇನಾ?’ ಎಂದು ರೇಗಿದೆ. ‘ನಾನು ಇಷ್ಟು ವರ್ಷದಿಂದ ದಿನಾ ಬೆಳಿಗ್ಗೆ ಅದೇ ಸಂಕಲ್ಪ, ಅದೇ ಮಂತ್ರ ಹೇಳ್ತಿಲ್ವಾ? ನಾನು ಬಿಟ್ಟು ಓಡಿಹೋದ್ನಾ?’

‘ನಿಮ್ಮದ್ರಲ್ಲಿ ಹೆಸರಾದ್ರೂ ಬದಲಾಗುತ್ತೆ, ಶಾಸ್ತ್ರಿಗಳೇ’ ಎಂದ.

ದೊಡ್ಡಪ್ಪ ನನಗೆ ಕಲಿಸಿದ್ದನ್ನು ಈ ಬೋಳು ತಲೆಯವನು ನನಗೇ ತಿರುಗಿಸಿ ಹೇಳುತ್ತಿದ್ದಾನಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಬಿಡುವುದಾದರೆ ಬಿಡಲಿ, ಅದು ಅವನ ಬದುಕು. ಆದರೆ ಸತ್ತ ತಂದೆಯ ಹೆಸರು, ಗಂಗೆಯ ನೀರು, ಜೊತೆಗೆ ನನ್ನ ಬಾಯಿ, ಇಷ್ಟನ್ನೂ ಅಡ್ಡ ಇಟ್ಟುಕೊಂಡು ಬಿಡುವುದೇ? ‘ಅವನಿಗೆ ನೇರವಾಗಿ ಯಾಕೆ ಹೇಳ್ಲಿಲ್ಲ?’ ಎಂದು ಕೇಳಿದೆ.

‘ಹೇಗೆ ಹೇಳ್ಲಿ? ಅವನಿಗೆ ಬೇರೆ ಏನೂ ಇಲ್ಲ. ನನ್ನ ಜೊತೆ ಹಾಡೋದು ಬಿಟ್ರೆ.’

‘ಅದಕ್ಕೇ ಅವನು ಎಷ್ಟು ವರ್ಷ ಆದ್ರೂ ಕಾಯ್ತೀನಿ ಅಂತ ನನ್ನ ಚಾಪೆ ಮೇಲೆ ಕೂತಿದ್ದ! ಕಾಯ್ಲಿ ಬಿಡು, ಮುದುಕ ಆಗೋವರೆಗೂ ಕಾಯ್ಲಿ, ಆಗ ನಿನಗೆ ಸಮಾಧಾನ!’ ಎಂದೆ. ‘ನಾಳೆ ಬೆಳಿಗ್ಗೆ ಸ್ನಾನದ ಹೊತ್ತಿಗೆ ನೀನು ಹೇಳ್ತೀಯ. ಇಲ್ದಿದ್ರೆ ನಾನೇ ಹೇಳ್ತೀನಿ, ಇವನು ಹಾಗಲಕಾಯಿ ಬಿಟ್ಟಿದ್ದಾನೆ ಅಂತ.’

ಪ್ರಮೋದನ ಕಣ್ಣು ತುಂಬಿತು. ಚಹಾ ಕುಡಿಯದೆ ಎದ್ದು ಬಂದೆ. ಸಂಜೆ ರೋಹಿತ ಬಂದಾಗ, ಬೆಳಿಗ್ಗೆ ಘಾಟಿಗೆ ಬಾ, ಅಲ್ಲೇ ಗೊತ್ತಾಗುತ್ತೆ ಎಂದು ಕಳಿಸಿದೆ.

ಬೆಳಿಗ್ಗೆ ಇಬ್ಬರೂ ಬಂದರು. ಸರೋಜಮ್ಮನೂ ಬಂದು ಮೇಲಿನ ಮೆಟ್ಟಿಲಲ್ಲಿ ಕುಳಿತರು. ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ನಿಂತಿದ್ದಾಗ ಪ್ರಮೋದ ಹೇಳಿದ. ಸುತ್ತಿ ಬಳಸಲಿಲ್ಲ, ಅದೊಂದು ಪುಣ್ಯ. ‘ರೋಹಿ, ಅಪ್ಪನಿಗೋಸ್ಕರ ಬಿಟ್ಟದ್ದಲ್ಲ ಕಣೋ. ನನಗೆ ಸಾಕಾಗಿದೆ. ನಿಮ್ಮ ಜೊತೆ ನುಡಿಸೋಕೆ ಇಷ್ಟ ಇಲ್ಲ. ಕಾಯಬೇಡ.’

ರೋಹಿತ ಅವನನ್ನೇ ನೋಡಿದ. ‘ಎಷ್ಟು ದಿನದಿಂದ?’

‘ಎರಡು ವರ್ಷ.’

‘ಎರಡು ವರ್ಷ ನನ್ನ ಪಕ್ಕದಲ್ಲಿ ನಿಂತು ಸುಮ್ಮನೆ ನಗ್ತಾ ಇದ್ಯಾ?’

ಪ್ರಮೋದ ಹೂಂ ಎಂದ. ಮೇಲೆ ಕುಳಿತಿದ್ದ ಸರೋಜಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ರೋಹಿತ ಹೊಡೆಯುತ್ತಾನೇನೋ ಎಂದು ನಾನು ಎರಡು ಮೆಟ್ಟಿಲು ಇಳಿದೆ. ಅವನು ಹೊಡೆಯಲಿಲ್ಲ. ತಿರುಗಿ ನನ್ನನ್ನು ಕೇಳಿದ, ‘ಶಾಸ್ತ್ರಿಗಳೇ, ಕರ್ಮ ಮಾಡದೇ ಇರೋರೂ ಇಲ್ಲಿ ಏನಾದ್ರೂ ಬಿಡಬಹುದಾ?’

‘ಬಿಡಬಹುದು. ಸ್ನಾನ ಆಗಿದ್ರೆ ಸಾಕು’ ಎಂದೆ.

‘ಇಷ್ಟವಾದದ್ದೇ ಬಿಡಬೇಕು, ಅಲ್ವಾ?’

‘ಹೌದು.’

ಎರಡೂ ಕೈ ಚಾಚಿದ. ನೀರು ಹಾಕಿದೆ. ‘ಏನು ಬಿಡ್ತೀಯಪ್ಪ?’

‘ಇವನನ್ನ’ ಎಂದ.

ಇಲ್ಲಿ ನಾನು ಮಾಡಿದ ತಪ್ಪನ್ನು ಬರೆಯಲೇಬೇಕು. ಈ ಕಸುಬು ಮನುಷ್ಯನನ್ನು ಯಾವ ಹದಕ್ಕೆ ತರುತ್ತದೆ ಎಂದು ಹುಡುಗರಿಗೆ ಗೊತ್ತಾಗಲಿ. ಆ ಕ್ಷಣದಲ್ಲಿ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬೇಡಪ್ಪ, ಯೋಚನೆ ಮಾಡು ಎನ್ನಬೇಕಿತ್ತು. ದೊಡ್ಡಪ್ಪ ಇದ್ದಿದ್ದರೆ ಏನಾದರೊಂದು ದಾರಿ ತೆಗೆಯುತ್ತಿದ್ದರು. ನನ್ನ ನಾಲಗೆ ತನ್ನಷ್ಟಕ್ಕೆ ಕೇಳಿತು: ‘ಹೆಸರು? ಊರು?’

‘ಪ್ರಮೋದ್. ಮೈಸೂರು’ ಎಂದ.

ಸಂಕಲ್ಪ ಹೇಳತೊಡಗಿದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ದಿನದ ತಿಥಿ ಯಾವುದೆಂದು ನೆನಪಾಗಲಿಲ್ಲ. ತಡವರಿಸಿ ನಿಂತೆ. ಪ್ರಮೋದನೇ ಮೆಲ್ಲಗೆ ತಿಥಿ ಹೇಳಿಕೊಟ್ಟ. ತಂದೆಯ ಕರ್ಮದ ತಿಥಿ ನೆನಪಿತ್ತಲ್ಲ, ಅಲ್ಲಿಂದ ಎಣಿಸಿಕೊಂಡಿದ್ದ. ರೋಹಿತ ನೀರು ಬಿಟ್ಟ. ಬಟ್ಟೆ ಹಾಕಿಕೊಂಡು, ಸರೋಜಮ್ಮನ ಕಾಲು ಮುಟ್ಟಿ, ಮೆಟ್ಟಿಲು ಹತ್ತಿ ಹೋದ. ತಿರುಗಿ ನೋಡಲಿಲ್ಲ. ಪ್ರಮೋದ ಮಂಡಿಯಷ್ಟು ನೀರಿನಲ್ಲಿ ನಿಂತೇ ಇದ್ದ. ಕೊನೆಗೆ ತಾಯಿ ಇಳಿದು ಬಂದು ಟವೆಲ್ಲಿನಿಂದ ಅವನ ತಲೆ ಒರೆಸಿದರು.

ಬ್ಯಾಂಡಿಗೆ ಬೇರೆ ಗಿಟಾರಿನವನು ಬಂದನಂತೆ. ಸುಮಾ ಹೇಳಿದಳು. ಪ್ರಮೋದ ಕೆಲವು ವರ್ಷಗಳಾದ ಮೇಲೆ ಒಮ್ಮೆ ತಾಯಿಯೊಡನೆ ಬಂದಿದ್ದ. ಮೈಸೂರಿನಲ್ಲಿ ಮಕ್ಕಳಿಗೆ ಗಿಟಾರು ಹೇಳಿಕೊಡುತ್ತಾನೆ, ತನಗೆ ತೋಚಿದ್ದನ್ನು ನುಡಿಸುತ್ತಾನೆ. ಸುಖವಾಗಿದ್ದೀಯಾ ಎಂದರೆ ಇದ್ದೀನಿ ಎಂದ, ಸುಳ್ಳಿರಲಾರದು. ಹೊರಡುವಾಗ ವಹಿ ನೋಡಬಹುದಾ ಎಂದು ಕೇಳಿದ. ರೋಹಿತನ ಸಾಲನ್ನು ತೋರಿಸಿದೆ. ಅದರ ಮೇಲೆ ಬೆರಳಿಟ್ಟು, ‘ಇದಕ್ಕೇನಾದ್ರೂ ಪರಿಹಾರ ಇದೆಯಾ ಶಾಸ್ತ್ರಿಗಳೇ?’ ಎಂದ. ‘ನಿನ್ನದಕ್ಕಿತ್ತು. ಇದಕ್ಕಿಲ್ಲ. ಇವನು ನಿಜವಾಗಿ ಬಿಟ್ಟಿದ್ದಾನೆ’ ಎಂದೆ. ಒರಟಾಗಿಯೇ ಹೇಳಿದೆ. ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ.

ಹೋದ ಚಳಿಗಾಲದಲ್ಲಿ ಸುಮಾ ಮಕ್ಕಳನ್ನು ಕರೆದುಕೊಂಡು ಬಂದವಳು, ಹಳೆಯ ವಹಿ ಗೆದ್ದಲು ಹಿಡಿಯುತ್ತಿದೆ ಎಂದು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಲು ಕುಳಿತಳು. ‘ಬಿಟ್ಟದ್ದು’ ಎಂಬಲ್ಲಿ ಹಣ್ಣು, ತರಕಾರಿ, ಇತರೆ ತಿನಿಸು ಎಂದು ಮೂರು ಕಾಲಂ ಮಾಡಿಕೊಂಡಿದ್ದಳು. ತರಕಾರಿಯ ಕಾಲಂ ಉದ್ದಕ್ಕೂ ಹಾಗಲಕಾಯಿ. ನೋಡಿ ನೋಡಿ ನನಗೆ ಮತ್ತೆ ಮೈ ಉರಿಯಿತು. ಒಂದು ಕಡೆ ಅವಳ ಕೈ ನಿಂತಿತು. ‘ಅಪ್ಪಾ, ಈ ಬ್ಯಾಂಡ್ ಅನ್ನೋದನ್ನ ಎಲ್ಲಿ ಹಾಕ್ಲಿ?’ ಎಂದಳು.

‘ತರಕಾರಿಗೆ ಹಾಕು’ ಎಂದೆ.

ನಕ್ಕಳು, ಹಾಕಿದಳು. ಕೆಲವು ಸಾಲು ಕೆಳಗೆ ರೋಹಿತನದನ್ನು ಓದಿದಾಗ ಅವಳ ನಗು ನಿಂತಿತು. ಮೂರರ ಪಕ್ಕದಲ್ಲಿ ಒಂದು ಹೊಸ ಕಾಲಂ ಮಾಡಿದಳು, ತಲೆಬರಹಕ್ಕೆ ಏನು ಬರೆಯಬೇಕೆಂದು ನನಗೂ ತಿಳಿಯಲಿಲ್ಲ, ಖಾಲಿ ಬಿಟ್ಟಳು. ಶ್ರೀನಿಧಿ ಈಗ ಬಂದವರ ವಿವರವನ್ನು ಅದರಲ್ಲೇ ತುಂಬುತ್ತಿದ್ದಾನೆ, ಪುಟಗಳು ಬೆಳೆಯುತ್ತಲೇ ಇವೆ. ಆ ನಾಲ್ಕನೆಯ ಕಾಲಮ್ಮಿನಲ್ಲಿ ಇವತ್ತಿಗೂ ಒಂದೇ ಹೆಸರಿದೆ.